ಐದನೆಯ ಗಂಟು

"ಅದೊಂದನ್ನ ಮಾತ್ರ ಮುಟ್ಟಬೇಡಿ ಸಾರ್."

ಹುರಿಮನೆಗೆ ಹೊಸದಾಗಿ ಬಂದ ಮೇಲ್ವಿಚಾರಕನಿಗೆ ಮೊದಲ ದಿನವೇ ಸಿಕ್ಕ ಬುದ್ಧಿಮಾತು ಇದು. ಹೇಳಿದವಳು ನಾರು ಬಾಚುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು. ಹುರಿಮನೆಗೆಲ್ಲ ಅವಳು ದೊಡ್ಡಕ್ಕ. ಅವನು ಆಗ ಗೋಡೆಯ ಮೊಳೆಗೆ ತೂಗುಹಾಕಿದ್ದ ಮೊಳದುದ್ದದ ಹಗ್ಗದ ತುಂಡಿನ ಕಡೆ ಕೈ ಚಾಚಿದ್ದ.

ಹುರಿಮನೆ ಎಂದರೆ ಮುನ್ನೂರು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಒಂದೇ ಕೋಣೆ. ಒಂದು ತುದಿಗೆ ಬಾಗಿಲು, ಬೆಳಕು, ಎಳೆ ತಿರುಚುವ ದೊಡ್ಡ ಚಕ್ರ. ಹಗ್ಗ ಹೊಸೆಯುವವನು ನಾರಿನ ಕಂತೆಯನ್ನು ನಡುವಿಗೆ ಸುತ್ತಿಕೊಂಡು, ಎಳೆಯ ತುದಿಯನ್ನು ಚಕ್ರದ ಕೊಕ್ಕೆಗೆ ಸಿಕ್ಕಿಸಿ, ನಾರು ಬಿಡುತ್ತಾ ಬಿಡುತ್ತಾ ಹಿಂದಕ್ಕೆ ನಡೆಯಬೇಕು. ಮುಖ ಬೆಳಕಿನ ಕಡೆ, ಬೆನ್ನು ಕತ್ತಲಿನ ಕಡೆ. ಆ ತುದಿಗೆ ಹಾಡುಹಗಲಲ್ಲೂ ಬೆಳಕು ಮುಟ್ಟುತ್ತಿರಲಿಲ್ಲ. ಹಗ್ಗಕ್ಕೆ ಬಳಿಯುವ ಕೀಲೆಣ್ಣೆಯ ಕಮಟು, ಒದ್ದೆ ನಾರಿನ ಮುಗ್ಗಲು ವಾಸನೆ, ದೂರದಲ್ಲಿ ಚಕ್ರದ ಕುಂಯ್ ಕುಂಯ್. ಆ ತುಂಡು ತೂಗುತ್ತಿದ್ದದ್ದು ಅಲ್ಲಿ.

"ಮುಟ್ಟಿದ್ರೆ ಏನಾಗತ್ತೆ? ಕಚ್ಚತ್ತಾ?"

"ಐದು ಗಂಟಿವೆ ಸಾರ್ ಅದರಲ್ಲಿ. ಬಿಚ್ಚಿದ ಗಂಟು ಇಲ್ಲವಾಗಲ್ಲ. ಹೋಗಿ ಬೇರೆ ಕಡೆ ಬೀಳತ್ತೆ."

ಅವನು ಜೋರಾಗಿ ನಕ್ಕ. ಮುನ್ನೂರು ಹೆಜ್ಜೆಯ ಕೋಣೆಯಲ್ಲಿ ಆ ನಗು ಹೋಗಿ ವಾಪಸು ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಅದು ಅವನ ನಗುವಿನ ಹಾಗೆ ಇರಲಿಲ್ಲ.

ಅದರ ಕತೆ ಹೇಳಿದವರು ಪಕ್ಕದ ಕೋಣೆಯ, ನಾರು ಬಾಚುವ ಮನೆಯ ಹೆಂಗಸರು. ಆರು ಜನ, ಮೊಳೆ ಹೊಡೆದ ಹಲಗೆಯ ಮೇಲೆ ನಾರು ಎಳೆಯುತ್ತಾ, ಒಬ್ಬಳು ಬಿಟ್ಟ ಮಾತನ್ನು ಇನ್ನೊಬ್ಬಳು ಹಿಡಿದು, ಆರೂ ಬಾಯಿ ಸೇರಿ ಒಂದೇ ಕತೆ ಹೇಳುವುದು ಅವರ ಪದ್ಧತಿ. ಒಂಬತ್ತು ವರ್ಷದ ಹಿಂದೆ, ಎತ್ತರದ ಕಟ್ಟಡಕ್ಕೆ ಬಣ್ಣ ಹೊಡೆಯಲು ಹಗ್ಗ ಕಟ್ಟಿಕೊಂಡು ಇಳಿದಿದ್ದ ಒಬ್ಬ ಹುಡುಗ ಸತ್ತ. ಹಗ್ಗ ಇದೇ ಹುರಿಮನೆಯದು. ಕಿತ್ತ ಹಗ್ಗ ಅವನನ್ನು ನೆಲಕ್ಕೂ ಬಿಡಲಿಲ್ಲ, ಮೈಗೆ ಸುತ್ತಿಕೊಂಡು ನಡುವೆಯೇ ನೇತುಹಾಕಿತು. ಎರಡು ಕಾಲು, ನಡು, ಎದೆ, ಕೊನೆಗೆ ಕೊರಳು. ಅವನ ತಾಯಿ ಆ ಕಿತ್ತ ತುದಿಯನ್ನು ಹಿಡಿದು ಇಲ್ಲಿಗೆ ಬಂದಳು. ಎಲ್ಲರ ಎದುರು ನಿಂತು ಅಂದಳು: ಈ ಹಗ್ಗ ಗಟ್ಟಿ ಅಂತ ಹೇಳಿದ ಕೈ ಯಾವುದೋ, ಆ ಕೈ ಎತ್ತಿಕೊಂಡ ಮಗುವನ್ನ ಇದು ಸುತ್ತಲಿ, ನನ್ನ ಮಗನಿಗೆ ಎಲ್ಲೆಲ್ಲಿ ಸುತ್ತಿತ್ತೋ ಅಲ್ಲಲ್ಲೇ.

"ಇಲ್ಲಿ ಎಲ್ಲರಿಗೂ ಮಕ್ಕಳಿದ್ರು ಸಾರ್," ಎಂದಳು ಒಬ್ಬಳು.

"ಹೊಸೆಯೋರಲ್ಲಿ ಹಿರಿಯ, ನಮ್ಮ ಹಿಂದಡಿ ಅಜ್ಜ, ಅವಳ ಕಾಲಿಗೆ ಬಿದ್ದ," ಎಂದಳು ಇನ್ನೊಬ್ಬಳು. "ಆಡಿದ್ದನ್ನ ವಾಪಸು ತಗೊಳಕ್ಕಾಗಲ್ಲ, ಕಟ್ಟಾದರೂ ಹಾಕು ತಾಯಿ ಅಂದ."

"ಅವಳೇ ತಲೆಕೂದಲು ಕಿತ್ತು ಸೇರಿಸಿ ಐದು ಗಂಟು ಹಾಕಿದಳು. ಆಡಿದ್ದೆಲ್ಲ ಅದರೊಳಗೇ ಇದೆ."

"ಆ ತಾಯಿ ಈಗ ಎಲ್ಲಿದಾಳೆ?" ಎಂದು ಅವನು ಕೇಳಿದ.

ಆರೂ ಹಲಗೆಗಳ ಸದ್ದು ಒಟ್ಟಿಗೆ ನಿಂತಿತು. ಯಾರೂ ತಲೆ ಎತ್ತಲಿಲ್ಲ. ದೊಡ್ಡಕ್ಕ ಮೊಳೆಗಳಿಗೆ ಸಿಕ್ಕ ನಾರಿನ ತುಣುಕನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಇವರೆಲ್ಲ ಸೇರಿ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು. ಆ ಅನುಮಾನ ಸುಳ್ಳಾಗಿರಲಿಲ್ಲ.

ಅವನು ಕೆಟ್ಟ ಮನುಷ್ಯನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದುಕೊಂಡ ಒಳ್ಳೆಯ ಮನುಷ್ಯ, ಅಷ್ಟೆ. ಇಲ್ಲಿಗೆ ಬರುವ ಮೊದಲು ಬೇರೊಂದು ಪಟ್ಟಣದ ತಪಾಸಣೆ ಕೇಂದ್ರದಲ್ಲಿ ಹನ್ನೆರಡು ವರ್ಷ ಹಗ್ಗ ಪರೀಕ್ಷೆ ಮಾಡಿದ್ದ. ಹತ್ತಾರು ಊರಿನ ಹಗ್ಗದ ಸುರುಳಿಗಳು ಅಲ್ಲಿಗೆ ಬರುತ್ತವೆ. ತೂಕ ಕಟ್ಟಿ, ಎಳೆದು ನೋಡಿ, ಪಾಸಾದ ಹಗ್ಗದ ಎಳೆಗೆ ಸೀಸದ ಚೂರೊಂದನ್ನು ಎಡಗೈಯಲ್ಲಿ ಮಡಚಿ ಹಿಡಿದು, ಬಲಗೈಯ ಇಕ್ಕಳದಲ್ಲಿ ಒತ್ತುತ್ತಾರೆ. ಒತ್ತಿದವನ ಸಂಖ್ಯೆ ಸೀಸದ ಮೇಲೆ ಮೂಡುತ್ತದೆ. ಅವನ ಸಂಖ್ಯೆ ಹದಿನೇಳು. ಕೆಲಸ ಬಿಡುವಾಗ ನೆನಪಿಗೆಂದು ತಂದಿದ್ದ ಆ ಇಕ್ಕಳ ಈಗ ಅವನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿತ್ತು. ಮಗಳು ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಬಂದರೆ ಸೋಪಿನ ಚೂರಿನ ಮೇಲೆಲ್ಲ ಹದಿನೇಳು ಹದಿನೇಳು ಎಂದು ಒತ್ತುತ್ತಾ ಕೂರುವಳು.

ಮಗಳಿಗೆ ಹತ್ತು ವರ್ಷ. ಅವಳ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವನಿಗೆ ಭೂಮಿಯ ಮೇಲೆ ಇನ್ನು ಬೇರೆ ಯಾರೂ ಇರಲಿಲ್ಲ. ಬಂದ ವಾರದಲ್ಲೇ ಅವಳು ಬಾಚುವ ಮನೆಯ ಮುದ್ದಾಗಿಬಿಟ್ಟಳು. ಅದರಲ್ಲೂ ದೊಡ್ಡಕ್ಕನಿಗೆ. ದಿನಾ ಸಂಜೆ ದೊಡ್ಡಕ್ಕ ಕೈಗಂಟಿದ ನಾರು ಒರೆಸಿಕೊಂಡು ಅವಳ ಜಡೆ ಬಿಚ್ಚಿ ಬಾಚಿ ಹೆಣೆಯುತ್ತಿದ್ದಳು. ಹೆಣೆಸಿಕೊಳ್ಳುತ್ತಾ ಮಗು ತನ್ನ ಮೆಚ್ಚಿನ ಕತೆ ಹೇಳುವಳು: "ನಾನು ಹುಟ್ಟಿದಾಗ ಅಪ್ಪ ಕೆಲಸದಲ್ಲಿದ್ದರಂತೆ. ಇಡೀ ದಿನದ ಕೆಲಸ ಅರ್ಧ ಗಂಟೆಲಿ ಮುಗಿಸಿ ಓಡಿ ಬಂದರಂತೆ. ಅಮ್ಮನಿಗಿಂತ ಮುಂಚೆ ನನ್ನ ಎತ್ತಿಕೊಂಡಿದ್ದು ಅಪ್ಪಾನೇ." ಹೆಂಗಸರೆಲ್ಲ ನಗುತ್ತಿದ್ದರು. ಅವನೂ ಬಾಗಿಲಲ್ಲಿ ನಿಂತು ಮುಖ ಇಷ್ಟಗಲ ಮಾಡಿಕೊಂಡು ಕೇಳುತ್ತಿದ್ದ.

ಇತ್ತ ಹುರಿಮನೆಯ ಕೆಲಸ ಹಳ್ಳ ಹಿಡಿದಿತ್ತು. ಹೊಸೆಯುವವರು ಎಂಟು ಮಂದಿ. ಒಬ್ಬನಿಗೆ ಇನ್ನೊಬ್ಬನ ಮೇಲೆ ನಂಬಿಕೆಯಿಲ್ಲ. ಪ್ರತಿಯೊಬ್ಬನೂ ತಾನು ಹೊಸೆದ ಹಗ್ಗದ ಗರ್ಭದಲ್ಲಿ ತನ್ನ ಬಣ್ಣದ ಒಂದು ನೂಲು ಇಡುವುದು ಅಲ್ಲಿನ ರೂಢಿ. ಹಗ್ಗ ಬಿಚ್ಚಿದರೆ ಯಾರದೆಂದು ತಿಳಿಯುತ್ತದೆ. ಕಿತ್ತ ಹಗ್ಗದ ಬಣ್ಣ ಆ ಐದು ಗಂಟುಗಳ ಒಳಗಿತ್ತು. ಅದು ತನ್ನದೇ ಇದ್ದರೆ ಎಂದು ಎಂಟೂ ಮಂದಿಗೆ ಹೆದರಿಕೆ. ಪಕ್ಕದವನದು ಎಂದು ಎಂಟೂ ಮಂದಿಗೆ ಗುಮಾನಿ. ಒಂಬತ್ತು ವರ್ಷ ಹೀಗೆ ಕಳೆದಿತ್ತು. ಕಣ್ಣು ಎಳೆಯ ಮೇಲಿರದೆ ಪಕ್ಕದವನ ಮೇಲಿದ್ದರೆ ಹಗ್ಗ ಎಲ್ಲಿ ನೆಟ್ಟಗಾಗುತ್ತದೆ? ಸುರುಳಿಗಳು ವಾಪಸು ಬರತೊಡಗಿದ್ದವು.

ಒಂದು ಸೋಮವಾರ ಊಟದ ಗಂಟೆ ಹೊಡೆದ ಮೇಲೆ ಅವನು ಎಲ್ಲರನ್ನೂ ಚಕ್ರದ ಹತ್ತಿರ ಸೇರಿಸಿದ. ತುಂಡನ್ನು ಮೊಳೆಯಿಂದ ಇಳಿಸಿ ತಂದು ಕೈಯಲ್ಲಿ ಹಿಡಿದಿದ್ದ.

"ದಿನಕ್ಕೊಂದು ಗಂಟು ಬಿಚ್ಚೋಣ. ನಿಮ್ಮೆಲ್ಲರ ಎದುರಿಗೇ. ಯಾರ ಬಣ್ಣ ಅಂತ ನೋಡೇಬಿಡೋಣ. ಈ ಸಾವಿಗೆ ಕಾರಣನಾದವನು ಯಾರೇ ಇರಲಿ, ನನ್ನ ಒಡಹುಟ್ಟಿದವನೇ ಇರಲಿ, ಅವನ ಕೈ ಇನ್ನು ಹಗ್ಗ ಮುಟ್ಟಕೂಡದು." ಆಗ ಅವನಿಗೆ ತಮಾಷೆ ಹೊಳೆಯಿತು. "ನಿಮಗೆ ಶಾಪ ಅಂದ್ರೆ ಇಷ್ಟ ಅಲ್ವಾ? ತಗೊಳ್ಳಿ, ನಂದೂ ಒಂದು. ಆ ಕೈ ಮುರಿದುಹೋಗ್ಲಿ!"

ಯಾರೂ ನಗಲಿಲ್ಲ. ಗೋಡೆಗೊರಗಿ ಕೂತಿದ್ದ ಮುದುಕನೊಬ್ಬ ಮಾತ್ರ ಕೈ ಚಾಚಿದ. ಅವನು ಹಿಂದಡಿ ಅಜ್ಜ. ನಲವತ್ತು ವರ್ಷ ಹಿಂದಕ್ಕೆ ನಡೆದು ನಡೆದು ಆ ಹೆಸರು ಬಂದಿತ್ತು. ಎರಡೂ ಕಣ್ಣು ಹೋಗಿದ್ದವು. ಈಗಲೂ ಬೆರಳಿನಲ್ಲೇ ಹಗ್ಗದ ಗುಣ ಹೇಳುತ್ತಿದ್ದ. ಮೇಲ್ವಿಚಾರಕನ ಬಲಗೈಯನ್ನು ಹುಡುಕಿ ಹಿಡಿದು, ಹೆಬ್ಬೆರಳನ್ನು ತಿಕ್ಕಿ ನೋಡಿ, ಮೂಗಿನ ಹತ್ತಿರ ತಂದುಕೊಂಡ.

"ಸೀಸದ ವಾಸನೆ," ಎಂದ. "ಹುಡುಕಬೇಡಪ್ಪ. ಇದು ಹುಡುಕಿದವನ ಕೈಗೇ ಸಿಗೋ ಅಂಥದ್ದು."

"ಯಾಕಜ್ಜ, ನಿನ್ನ ಬಣ್ಣ ಸಿಗತ್ತೆ ಅಂತ ಭಯಾನಾ?"

ಅಜ್ಜ ಕೈ ಬಿಟ್ಟ.

ಮೊದಲ ಗಂಟು ದಬ್ಬಳದ ಮೊನೆ ತಗಲುತ್ತಲೇ ಸಡಿಲವಾಯಿತು. ಒಂಬತ್ತು ವರ್ಷ ಕೀಲೆಣ್ಣೆ ಕುಡಿದು ಕಲ್ಲಾಗಿದ್ದ ಗಂಟು, ಬಿಚ್ಚುವವರಿಗೇ ಕಾಯುತ್ತಿದ್ದಂತೆ ಬಿಚ್ಚಿಕೊಂಡಿತು. ಒಳಗಿನಿಂದ ಕಪ್ಪು ಕೂದಲಿನ ಸುರುಳಿಯೊಂದು ನೆಲಕ್ಕೆ ಬಿತ್ತು. ಸುಟ್ಟ ಕೂದಲಿನ ವಾಸನೆ ಎದ್ದಿತು. ಎಲ್ಲೂ ಏನೂ ಸುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟ ಮಗಳು ಬಾಗಿಲಲ್ಲಿ ಬಗ್ಗಿ ನಿಂತಳು.

"ಅಪ್ಪಾ, ಕಾಲುಚೀಲ ಯಾಕೋ ಬಿಗಿ."

ಚೀಲ ಇಳಿಸಿ ನೋಡಿದ. ಬಲ ಕಣಕಾಲಿನ ಸುತ್ತ ಕೆಂಪು ಬಳೆಯಂಥ ಗುರುತು. ಹಳೆಯ ಚೀಲ, ರಬ್ಬರು ಬಿಗಿಯಾಗಿದೆ ಎಂದುಕೊಂಡು ಬೇರೆ ಜೊತೆ ಕೊಟ್ಟ. ಮಧ್ಯಾಹ್ನ ಎರಡನೆಯ ಗಂಟು ಬಿಚ್ಚಿದ. ಸಂಜೆಗೆ ಎಡಗಾಲಿನಲ್ಲೂ ಗುರುತು ಎದ್ದಿತ್ತು. ಈ ಸಲ ಅವನು ಕನ್ನಡಕ ಹಾಕಿಕೊಂಡು ನೋಡಿದ. ಗೆರೆ ನೇರವಾಗಿರಲಿಲ್ಲ. ಓರೆಯೋರೆಯಾಗಿ, ಮೂರು ಎಳೆ ಒಂದರ ಮೇಲೊಂದು ಹೊರಳಿದ ಹಾಗೆ ಚರ್ಮದ ಮೇಲೆ ಅಚ್ಚಾಗಿತ್ತು. ಹನ್ನೆರಡು ವರ್ಷ ಹಗ್ಗ ನೋಡಿದ ಕಣ್ಣು ಅದು, ಗುರುತು ಹಿಡಿಯದೆ ಇರುತ್ತದೆಯೇ? ಡಾಕ್ಟರು ನೋಡಿ, ಬಟ್ಟೆಯ ಅಲರ್ಜಿ ಇರಬಹುದು ಎಂದು ಮುಲಾಮು ಬರೆದರು.

ಅಲರ್ಜಿಯಂತೆ! ಅವನು ನಂಬಲಿಲ್ಲ. ಹಾಗೆಂದು ಗಂಟನ್ನೂ ನಂಬಲಿಲ್ಲ. ಅವನಿಗೆ ಕಂಡದ್ದು ಮೂರನೆಯ ದಾರಿ: ಯಾರೋ ಮಾಡುತ್ತಿದ್ದಾರೆ. ಬಣ್ಣ ಹೊರಬೀಳಬಾರದೆಂದು, ಮಗುವನ್ನು ಮುಂದಿಟ್ಟುಕೊಂಡು ತನ್ನನ್ನು ಹೆದರಿಸುತ್ತಿದ್ದಾರೆ.

"ಯಾರಾದರೂ ನಿನ್ನ ಕಾಲಿಗೆ ಏನಾದರೂ ಕಟ್ಟಿದರಾ?"

"ಇಲ್ಲ ಅಪ್ಪ."

"ದೊಡ್ಡಕ್ಕ ಜಡೆ ಹಾಕುವಾಗ ಏನಾದರೂ ಹೇಳಿಕೊಳ್ತಾಳಾ? ಮಣಮಣ ಅಂತ?"

"ಹಾಡು ಹೇಳ್ತಾರೆ. ಅವರ ಮಗನಿಗೆ ಹೇಳ್ತಿದ್ದ ಹಾಡಂತೆ."

"ಅವಳಿಗೆ ಮಗ ಇದ್ದಾನಾ?"

"ಇದ್ದನಂತೆ," ಎಂದಳು ಮಗಳು. ಅವಳಿಗೆ ನಿದ್ದೆ ಬರುತ್ತಿತ್ತು.

ಮೂರನೆಯ ಗಂಟಿನ ಹೊತ್ತಿಗೆ ಅವನ ಕಣ್ಣು ದಬ್ಬಳದ ಮೇಲಿರಲಿಲ್ಲ. ಸುತ್ತ ನಿಂತವರ ಮುಖದ ಮೇಲಿತ್ತು. ಯಾರು ಬೆವರುತ್ತಿದ್ದಾರೆ, ಯಾರು ಕಣ್ಣು ತಪ್ಪಿಸುತ್ತಿದ್ದಾರೆ. ಗಂಟು ಬಿಚ್ಚಿತು. ಮೂರೆಳೆ ಬಾಯಿ ತೆರೆದವು. ಗರ್ಭದಲ್ಲಿ ನೀಲಿ ನೂಲು.

ಏಳು ಮಂದಿ ಒಟ್ಟಿಗೆ ಉಸಿರು ಬಿಟ್ಟರು. ಎಲ್ಲರ ಮುಖ ಗೋಡೆಯ ಕಡೆ ತಿರುಗಿತು. ಹಿಂದಡಿ ಅಜ್ಜ ಕೇಳಿದ: "ನೀಲಿ, ಅಲ್ವಾ?"

"ನೀನೇ!" ಎಂದ ಮೇಲ್ವಿಚಾರಕ. ಗೆದ್ದವನ ದನಿ ಅದು. "ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆ."

"ನಂದೇ ಹಗ್ಗ. ಆ ಸಲ ನಾರು ಹಸಿ ಇತ್ತು. ನಂಗೆ ಅನುಮಾನ ಬಂದಿತ್ತು." ಅಜ್ಜ ನೆಲದ ಕಡೆ ಮುಖ ಮಾಡಿದ. "ಅನುಮಾನ ಇರೋ ಸುರುಳಿಗೆ ನಾವು ಕೆಂಪು ಬಟ್ಟೆ ಕಟ್ಟಿ ತಪಾಸಣೆಗೆ ಕಳಿಸ್ತೀವಿ. ಎರಡರಷ್ಟು ತೂಕ ಕಟ್ಟಿ ನೋಡಿ ಅಂತ ಅರ್ಥ. ಕಟ್ಟಿ ಕಳಿಸಿದ್ದೆ. ವಾಪಸು ಬರತ್ತೆ ಅಂತ ಕಾದೆ. ಬರಲಿಲ್ಲ. ಪಾಸಾಯ್ತು ಅಂದ್ಕೊಂಡೆ. ಗಟ್ಟಿ ಅಂತ ನಾನು ಹೇಳಿಲ್ಲಪ್ಪ. ಹೇಳಿದವನು ಮುದ್ರೆ ಒತ್ತಿದವನು."

"ಮುದ್ರೆಯೇ ಸಿಕ್ಕಿಲ್ಲ ಅಂತ ಆಗಿನ ವಿಚಾರಣೆಯಲ್ಲೇ ಬರೆದಿದೆಯಂತೆ. ಮುದ್ರೆ ಇಲ್ಲದ ಹಗ್ಗ ಮಾರಿದ್ದೀರಿ ನೀವು."

"ಇನ್ನೂ ಎರಡು ಗಂಟಿದೆಯಲ್ಲ," ಎಂದ ಅಜ್ಜ. ತಕ್ಷಣ, ಆಡಬಾರದ್ದು ಆಡಿದವನಂತೆ ಬಾಯಿಗೆ ಕೈ ಅಡ್ಡ ಹಿಡಿದ.

ಆ ಸಂಜೆ ಮಗಳ ಲಂಗದ ಪಟ್ಟಿಯ ಕೆಳಗೆ, ನಡುವಿನ ಸುತ್ತಲೂ, ಬೆರಳು ದಪ್ಪದ ಗುರುತು. ಮುಟ್ಟಿದರೆ ಅವಳು ಅಳುತ್ತಿದ್ದಳು. ಅವನು ಅವಳ ಪಕ್ಕದಿಂದ ಏಳಲಿಲ್ಲ. ಬೆಳಿಗ್ಗೆ ಅವಳೇ, ಪರೀಕ್ಷೆ ಇದೆ ಎಂದು ಹಟ ಮಾಡಿ ಶಾಲೆಗೆ ಹೋದಳು. ಅವನು ನೇರವಾಗಿ ಬಾಚುವ ಮನೆಗೆ ನುಗ್ಗಿದ.

"ಆ ತಾಯಿ ಯಾರು? ಈಗ ಹೇಳದಿದ್ರೆ ಆರೂ ಜನ ಹೊರಗೆ."

ಆರರಲ್ಲಿ ಐವರು ಒಬ್ಬಳ ಕಡೆ ನೋಡಿದರು. ಅಷ್ಟು ಸಾಕಾಯಿತು.

ದೊಡ್ಡಕ್ಕ ಎದ್ದು ನಿಂತಳು. "ನಾನೇ. ಮಗೂಗೆ ಏನಾಗಿದೆ ಸಾರ್?"

"ನೀನೇ ಮಾಡಿ ನೀನೇ ಕೇಳ್ತೀಯಾ? ಜಡೆ ಹಾಕೋ ನೆಪ! ಏನು ಕಟ್ಟಿದೀಯಾ ಅವಳಿಗೆ?"

"ಏನಾಗಿದೆ ಹೇಳಿ. ಎಲ್ಲಿ ಆಗಿದೆ? ಕಾಲಲ್ಲಾ?"

ಅವಳಿಗೆ ಗೊತ್ತಿದೆ! ಅವನಿಗೆ ಅಷ್ಟೇ ಕೇಳಿಸಿತು. ಅವಳ ಮುಖದ ರಕ್ತ ಇಳಿದದ್ದು ಕಾಣಿಸಲಿಲ್ಲ. "ಬಿಚ್ಚಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನು ಬಿಚ್ಚಬೇಡಿ," ಎಂದು ಅವಳು ಕೈ ಮುಗಿದದ್ದು, ಇನ್ನೊಂದು ನಾಟಕ ಎನ್ನಿಸಿತು. ತೋಳು ಹಿಡಿದು ಗೇಟಿನ ಹೊರಗೆ ತಳ್ಳಿಸಿದ. ಅವಳು ಹೋಗಲಿಲ್ಲ. ಗೇಟಿನ ಆಚೆ ನೆಲದ ಮೇಲೆ ಕೂತಳು.

ಬಿಟ್ಟುಬಿಡಬಹುದಿತ್ತು. ತುಂಡನ್ನು ಮೊಳೆಗೆ ಸಿಕ್ಕಿಸಿ ಮನೆಗೆ ಹೋಗಬಹುದಿತ್ತು. ಇದನ್ನು ಹೇಳುವಾಗಲೆಲ್ಲ ನನಗೆ ಆ ಮನುಷ್ಯನ ಕೈ ಹಿಡಿದು ಎಳೆಯಬೇಕೆನ್ನಿಸುತ್ತದೆ. ಆದರೆ ಅವನಿಗೆ ಈಗ ಅರ್ಧ ಸತ್ಯ ಸಿಕ್ಕಿತ್ತು. ಮುದ್ರೆ ಇಲ್ಲ ಎಂದು ತೋರಿಸಿಬಿಟ್ಟರೆ ಅಜ್ಜ ಸುಳ್ಳ, ದೊಡ್ಡಕ್ಕ ಮಾಟಗಾತಿ, ತಾನು ಸರಿ. ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಅವನು ನಾಲ್ಕನೆಯ ಗಂಟಿಗೆ ದಬ್ಬಳ ಚುಚ್ಚಿದ.

ಇದು ಸುಲಭಕ್ಕೆ ಬರಲಿಲ್ಲ. ಒಳಗೆ ಏನೋ ತಡೆಯುತ್ತಿತ್ತು. ಬಲವಾಗಿ ಮೀಟಿದ. ಕೂದಲು ಉದುರಿತು. ಸುಟ್ಟ ವಾಸನೆ. ಜೊತೆಗೆ ಟಣ್ ಎಂದು ಸಣ್ಣ ಸದ್ದು. ಬೂದುಬಣ್ಣದ ಚೂರೊಂದು ಚಕ್ರದ ಬುಡಕ್ಕೆ ಉರುಳಿ ನಿಂತಿತು.

ಅವನೇ ಬಗ್ಗಿ ಎತ್ತಿಕೊಂಡ. ಹೆಬ್ಬೆರಳಿನಿಂದ ಕೀಲೆಣ್ಣೆ ಒರೆಸಿದ. ಸೋಪಿನ ಚೂರುಗಳ ಮೇಲೆ ದಿನಾ ನೋಡುತ್ತಿದ್ದ ಅಂಕಿ. ಏಳರ ಬಾಲ ಸ್ವಲ್ಪ ಮುರಿದದ್ದು ಕೂಡ ಹಾಗೇ ಇತ್ತು.

"ಎಷ್ಟನೇ ನಂಬರಪ್ಪಾ?" ಎಂದು ಅಜ್ಜ ಕೇಳಿದ.

ಅವನಿಗೆ ಕಾಣುತ್ತಿದ್ದದ್ದು ಹತ್ತು ವರ್ಷದ ಹಿಂದಿನ ಒಂದು ಬೆಳಿಗ್ಗೆ. ತಪಾಸಣೆ ಕೇಂದ್ರದ ಅಂಗಳದಲ್ಲಿ ನಲವತ್ತು ಸುರುಳಿ. ಬಾಗಿಲಲ್ಲಿ ಯಾರೋ ಕೂಗಿದ್ದು: ಹೆಣ್ಣು ಮಗು, ಈಗಷ್ಟೇ! ಒಂದು ಸುರುಳಿಗೂ ತೂಕ ಕಟ್ಟಲಿಲ್ಲ. ಇಕ್ಕಳ ಹಿಡಿದು ಸಾಲಾಗಿ ಒತ್ತುತ್ತಾ ಹೋದ, ನಗುತ್ತಾ, ಅರ್ಧ ಗಂಟೆಯಲ್ಲಿ ನಲವತ್ತು. ಒಂದರ ಮೇಲೆ ಕೆಂಪು ಬಟ್ಟೆ ಕಟ್ಟಿತ್ತು. ಅದನ್ನು ಬಿಚ್ಚಿಕೊಂಡ. ಸೀಸದ ಮಸಿ ಹತ್ತಿದ ಕೈಯಲ್ಲಿ ಮಗುವನ್ನು ಮುಟ್ಟುವುದು ಹೇಗೆ? ಆ ಕೆಂಪು ಬಟ್ಟೆಯಲ್ಲೇ ಕೈ ಒರೆಸಿಕೊಂಡು ಓಡಿದ. ಆ ಕೈಯಲ್ಲೇ ಎತ್ತಿಕೊಂಡ.

"ನಂದು," ಎಂದ. ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದ. "ನಂದೇ. ಹದಿನೇಳು."

ಆಗ ಗೇಟಿನ ಕಡೆಯಿಂದ ಓಡುವ ಹೆಜ್ಜೆಯ ಸದ್ದು. ಶಾಲೆಯ ಆಯಾ, ಚಪ್ಪಲಿಯಿಲ್ಲದ ಕಾಲಲ್ಲಿ. ಅವಳ ಹಿಂದೆ ದೊಡ್ಡಕ್ಕ.

"ಸಾರ್, ಬನ್ನಿ, ಮಗು," ಎಂದಳು ಆಯಾ. ಮಾತು ತುಂಡು ತುಂಡಾಗಿ ಬರುತ್ತಿತ್ತು. "ಬರೀತಾ ಕೂತಿದ್ದಳು. ಪೆನ್ನು ಕೆಳಗೆ ಬಿತ್ತು. ಎದೆ ಹಿಡಿದುಕೊಂಡಳು. ಅಂಗಿ ಬಿಚ್ಚಿದ್ವಿ, ಸಾರ್. ಎದೆ ಸುತ್ತ ಹಗ್ಗದ ಅಚ್ಚು. ಹಗ್ಗ ಇಲ್ಲ, ಅಚ್ಚು. ನಾವು ನೋಡ್ತಾ ಇದ್ದ ಹಾಗೇ ಒಳಗೆ ಇಳೀತಿದೆ. ಡಾಕ್ಟರು ಬಂದಿದಾರೆ. ಏನೂ ತಿಳೀತಿಲ್ಲ ಅಂತಾರೆ. ಉಸಿರು ಇಷ್ಟಿಷ್ಟೇ."

ಅವನು ಬಾಗಿಲ ಕಡೆ ಓಡಿದ. "ಸಾರ್!" ಎಂದು ಹೆಂಗಸರು ಕೂಗಿದರು. ತಿರುಗಿ ನೋಡಿದ.

ತುಂಡು ಅವನು ಬೀಳಿಸಿದ ಜಾಗದಲ್ಲೇ ಇತ್ತು. ಐದನೆಯ ಗಂಟು ಸಡಿಲವಾಗುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಹಗ್ಗದ ಬಾಲ ನೆಲದ ಮೇಲೆ ಮೆಲ್ಲಗೆ ತೆವಳಿ ಗಂಟಿನೊಳಗಿನಿಂದ ಹೊರಬರುತ್ತಿತ್ತು. ಅಂಗುಲ. ಇನ್ನೊಂದು ಅಂಗುಲ.

"ಕೊರಳು," ಎಂದಳು ದೊಡ್ಡಕ್ಕ. ನೆಲಕ್ಕೆ ಬಿದ್ದು ಎರಡೂ ಕೈಯಲ್ಲಿ ಗಂಟನ್ನು ಅದುಮಿ ಹಿಡಿದಳು. "ನಂಗೆ ಗೊತ್ತಿರಲಿಲ್ಲ. ಹೆಸರು ಹೇಳಿರಲಿಲ್ಲ ನಾನು. ಬರೀ ಕೈ ಅಂದಿದ್ದೆ. ಅಯ್ಯೋ, ಇವಳು ಅಂತ ಗೊತ್ತಿದ್ರೆ..."

"ನಿಲ್ಲಿಸು."

"ಕಟ್ಟೋಕೆ ಮಾತ್ರ ಬರತ್ತೆ ನಂಗೆ. ನಿಲ್ಲಿಸೋಕೆ ಬರಲ್ಲ. ಜಾರ್ತಿದೆ! ಬೇಗ ಏನಾದರೂ ಮಾಡಿ!"

ಅವನು ತನ್ನ ಬಲಗೈ ನೋಡಿದ. ಹೆಬ್ಬೆರಳಿಗೆ ಸೀಸದ ಮಸಿ ಹತ್ತಿತ್ತು. ಅವಳು ಕೈ ಅಂದಿದ್ದಳು. ತಾನೂ ಕೈ ಅಂದಿದ್ದ, ಎಲ್ಲರ ಎದುರು, ತಮಾಷೆಗೆ.

"ಆ ಕೈಯೇ ಇಲ್ಲದಿದ್ರೆ?" ಎಂದ.

ಅಜ್ಜನ ಕುರುಡು ಕಣ್ಣು ಅವನ ಕಡೆ ತಿರುಗಿತು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಅವರಲ್ಲಿ ಚಿಕ್ಕವಳು ಅಂದಳು: "ಎತ್ತಿಕೊಂಡ ಕೈ ಇಲ್ಲ ಅಂದ್ರೆ, ಶಾಪಕ್ಕೆ ಸುತ್ತೋಕೆ ಮಗೂನೂ ಇಲ್ಲ."

ಅವನು ಮೊಣಕಾಲೂರಿ, ಬಲಗೈಯನ್ನು ಐದನೆಯ ಗಂಟಿನ ಕುಣಿಕೆಯೊಳಗೆ ಮಣಿಕಟ್ಟಿನವರೆಗೆ ತೂರಿಸಿದ. ಹಗ್ಗದ ಇನ್ನೊಂದು ತುದಿಯನ್ನು ಎಡಗೈಯಲ್ಲಿ ಚಕ್ರದ ಕೊಕ್ಕೆಗೆ ಸಿಕ್ಕಿಸಿದ. ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಕೂತಿತು.

"ಯಾರಾದರೂ ತಿರುಗಿಸಿ."

ಎಂಟು ಮಂದಿಯಲ್ಲಿ ಯಾರೂ ಮುಂದೆ ಬರಲಿಲ್ಲ.

"ಕಟ್ಟಿದವಳೇ ಬಿಗೀಬೇಕು," ಎಂದ ಅಜ್ಜ. ಅವನು ಅಳುತ್ತಿದ್ದ.

ದೊಡ್ಡಕ್ಕ ಎದ್ದಳು. ಚಕ್ರದ ಹಿಡಿಯ ಮೇಲೆ ಕೈ ಇಟ್ಟಳು. "ನೀವೆಲ್ಲ ಒಳಗೆ ಹೋಗಿ," ಎಂದಳು. "ಬಾಗಿಲು ಹಾಕಿಕೊಳ್ಳಿ."

ಬಾಚುವ ಮನೆಯೊಳಗೆ ಎಲ್ಲರೂ ಗೋಡೆಗೆ ಒತ್ತಿ ನಿಂತರು. ಆಯಾ ಕಿವಿ ಮುಚ್ಚಿಕೊಂಡಳು. ಉಳಿದವರಿಗೆ ಕೇಳಿಸಿತು. ಚಕ್ರ ಕುಂಯ್ ಎಂದಿತು. ಒಂದು ಸುತ್ತು. ಎರಡು. ಹಗ್ಗ ಬಿಗಿಯುವ ಸದ್ದು ಅವರಿಗೆ ಗೊತ್ತು, ದಿನಾ ಕೇಳುವ ಸದ್ದು. ಮೂರು. ಅವನ ದನಿ: "ನಿಲ್ಲಿಸಬೇಡ." ನಾಲ್ಕು. ನಿಲ್ಲಿಸಬೇಡ. ಐದು. ಆಮೇಲೆ ಮಾತಲ್ಲದ ದನಿ. ಆರು. ಒಣ ಕಡ್ಡಿಯಂಥ ಸದ್ದು. ಚಕ್ರ ನಿಂತಿತು. ಬಾಗಿಲ ಸಂದಿಯಿಂದ ಸುಟ್ಟ ಕೂದಲಿನ ವಾಸನೆ ಒಳಗೆ ಬಂತು.

ಮಗು ಬದುಕಿತು. ಶಾಲೆಯ ಬೆಂಚಿನ ಮೇಲೆ ಮಲಗಿದ್ದವಳು ಎದ್ದು ಕೂತು ನೀರು ಕೇಳಿದಳಂತೆ. ಎದೆಯ ಅಚ್ಚು, ನಡುವಿನ ಅಚ್ಚು, ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಹೋಗಿಬಿಟ್ಟವಂತೆ. ಅವನ ಕೈಯನ್ನು ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲುಗಡೆ ಕತ್ತರಿಸಿ ತೆಗೆಯಬೇಕಾಯಿತು. ಯಂತ್ರಕ್ಕೆ ಸಿಕ್ಕಿ ಆದ ಅಪಘಾತ ಎಂದು ಹುರಿಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದರು.

ಅವನು ಮೇಲ್ವಿಚಾರಕನ ಕುರ್ಚಿ ಬಿಟ್ಟ, ಊರು ಬಿಡಲಿಲ್ಲ. ದೊಡ್ಡಕ್ಕ ಮತ್ತೆ ಕೆಲಸಕ್ಕೆ ಬಂದಳು. ಅವರಿಬ್ಬರೂ ಒಬ್ಬರೊಡನೊಬ್ಬರು ಮಾತಾಡಿದ್ದನ್ನು ಯಾರೂ ನೋಡಿಲ್ಲ. ಆದರೆ ದಿನಾ ಬೆಳಿಗ್ಗೆ ಅವಳು ಅವನ ಮನೆ ಬಾಗಿಲಿಗೆ ಬಂದು, ಮೆಟ್ಟಿಲ ಮೇಲೆ ಕೂತು, ಹುಡುಗಿಯ ಜಡೆ ಹೆಣೆದು ಹೋಗುತ್ತಿದ್ದಳು. ಒಂದು ಕೈಯಲ್ಲಿ ಜಡೆ ಹೆಣೆಯಲು ಬರುವುದಿಲ್ಲ.

ಹಿಂದಡಿ ಅಜ್ಜ ಆಸ್ಪತ್ರೆಗೆ ನೋಡಲು ಬಂದಾಗ ಒಂದೇ ಒಂದು ಮಾತು ಕೇಳಿದ್ದ: "ಅವತ್ತು ಒಟ್ಟು ಎಷ್ಟು ಸುರುಳಿಗೆ ಒತ್ತಿದ್ದೆಯಪ್ಪಾ?"

ಅಲ್ಲಿಂದ ಶುರುವಾಯಿತು ಅವನ ಕಾಗದ ಬರೆಯುವುದು. ಎಡಗೈಯ ಸೊಟ್ಟ ಅಕ್ಷರ. ಹಳೆಯ ತಪಾಸಣೆ ಕೇಂದ್ರಕ್ಕೆ, ಅಂಗಡಿಗಳಿಗೆ, ಬಂದರಿಗೆ, ಗಣಿಗೆ. ಹದಿನೇಳರ ಮುದ್ರೆಯ ಹಗ್ಗ ಇದ್ದರೆ ದಯವಿಟ್ಟು ಬಳಸಬೇಡಿ, ವಾಪಸು ಕಳಿಸಿ. ಎಂಟು ತಿಂಗಳಲ್ಲಿ ಮೂವತ್ತೆರಡು ಬಂದವು. ಬಂದದ್ದನ್ನೆಲ್ಲ ಅಂಗಳದಲ್ಲಿ ತಾನೇ ನಿಂತು ಸುಟ್ಟ. ಉಳಿದ ಏಳು ಎಲ್ಲಿವೆ, ಯಾರ ಭಾರ ಹೊತ್ತಿವೆ ಎಂದು ತಿಳಿಯಲಿಲ್ಲ. ಅವನು ಕಾಗದ ಬರೆಯುವುದು ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಜಡೆ ಹಾಕಿಸಿಕೊಂಡ ಮಗಳು ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದಳು. ಅವನು ಒಳಗೆ ಲಕೋಟೆಗೆ ಅಂಟು ಹಚ್ಚುತ್ತಿದ್ದ.

"ಅಪ್ಪಾ, ಕಾಲುಚೀಲ ಯಾಕೋ ಬಿಗಿ."

ಅವನು ಹೊರಗೆ ಬಂದ. ದೊಡ್ಡಕ್ಕ ಬಾಚಣಿಗೆ ಹಿಡಿದು ಹಾಗೇ ನಿಂತಿದ್ದಳು. ಕಾಲುಚೀಲಗಳನ್ನು ಅವಳು ಇನ್ನೂ ಹಾಕಿಕೊಂಡೇ ಇರಲಿಲ್ಲ, ಅವು ಬೂಟಿನೊಳಗೆ ಮಡಿಸಿಟ್ಟ ಹಾಗೇ ಇದ್ದವು. ಹುಡುಗಿ ಬಲ ಕಣಕಾಲನ್ನು ತಿಕ್ಕಿಕೊಳ್ಳುತ್ತಿದ್ದಳು.

ಕೈ ಕಳೆದುಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳು ಓಡಿ ಬಂದು ಕೊರಳಿಗೆ ಬಿದ್ದಿದ್ದಳು. ಅವನು ಅಳುತ್ತಾ, ನಗುತ್ತಾ, ಅವಳನ್ನು ಎತ್ತಿಕೊಂಡಿದ್ದ. ಎಡಗೈಯಲ್ಲಿ. ಅವತ್ತು ನಲವತ್ತು ಸೀಸದ ಚೂರನ್ನೂ ಮಡಚಿ ಹಿಡಿದದ್ದು ಆ ಕೈ.

ದೊಡ್ಡಕ್ಕ ಅವನ ಎಡಗೈಯನ್ನೇ ನೋಡುತ್ತಿದ್ದಳು.